ವಯಸ್ಸಾದ ಮೇಲೆ ಓದು ಬರಹ ತಲೆಗೆ ಹತ್ತುವುದಿಲ್ಲವೇ?

ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾವಾಗಲೂ ವಾಯ್ಸ್ ಮೆಸೇಜನ್ನೇ ಕಳಿಸುವ ಒಬ್ಬ ಅತ್ತೆಯೋ ದೊಡ್ಡಪ್ಪನೋ ನಿಮಗೂ ಇರಬಹುದು. ಕೇಳಿದರೆ "ಟೈಪ್ ಮಾಡೋಕೆ ಬೇಜಾರು" ಅನ್ನುತ್ತಾರೆ. ಕೆಲವರ ವಿಷಯದಲ್ಲಿ ನಿಜವಾದ ಕಾರಣ ಬೇಜಾರಲ್ಲ, ಅವರಿಗೆ ಓದಲು ಬರುವುದಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆ. "ಕಲಿಸಿಕೊಡಲಾ?" ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಈ ವಯಸ್ಸಲ್ಲಿ ಇನ್ನೇನು ತಲೆಗೆ ಹತ್ತುತ್ತೆ, ಬಿಡು."

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಸುಮಾರು ಶೇ. 75. ಮಹಿಳೆಯರಲ್ಲಿ ಅದು ಸುಮಾರು ಶೇ. 68. ಅಂದರೆ ಇದು ಒಂದೆರಡು ಮನೆಗಳ ಮಾತಲ್ಲ. ಹಾಗಾಗಿ ಇದರ ಸುತ್ತ ಇರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ದೊಡ್ಡವರ ಮಿದುಳು ಹೊಸದಾಗಿ ಓದು ಕಲಿಯಲಾರದು

ಇದು ತಪ್ಪು. ಲಕ್ನೋ ಸುತ್ತಮುತ್ತಲಿನ ಹಳ್ಳಿಗಳ ಅನಕ್ಷರಸ್ಥರಿಗೆ ಆರು ತಿಂಗಳು ಹಿಂದಿ ಓದು ಬರಹ ಕಲಿಸಿ, ಕಲಿಕೆಯ ಮೊದಲು ಮತ್ತು ನಂತರ ಅವರ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಮಹಿಳೆಯರು. ಆರೇ ತಿಂಗಳಲ್ಲಿ ಅವರ ಮಿದುಳಿನಲ್ಲಿ, ಅದರಲ್ಲೂ ಆಳದ ಭಾಗಗಳಲ್ಲಿ, ಬದಲಾವಣೆ ಕಂಡುಬಂತು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬ್ರೆಜಿಲ್ ಮತ್ತು ಪೋರ್ಚುಗಲ್ ದೇಶಗಳವರ ಮೇಲೆ ನಡೆದಿತ್ತು. ಬಾಲ್ಯದಲ್ಲಿ ಶಾಲೆಗೆ ಹೋಗದೆ ದೊಡ್ಡವರಾದ ಮೇಲೆ ಓದು ಕಲಿತವರಲ್ಲೂ ಅಕ್ಷರ ಗುರುತಿಸುವ ಮಿದುಳಿನ ಭಾಗ ಕೆಲಸ ಮಾಡುತ್ತಿರುವುದು ಅದರಲ್ಲಿ ಗೊತ್ತಾಯಿತು.

ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಅಲ್ಲಿನ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ತೆಗೆದಿದ್ದು ದೊಡ್ಡ ಸುದ್ದಿಯಾಗಿತ್ತು. ಎಲ್ಲರಿಗೂ ಅಷ್ಟು ಅಂಕ ಬರುತ್ತದೆ ಎಂದಲ್ಲ. ಆದರೆ ವಯಸ್ಸೊಂದೇ ಬಾಗಿಲು ಮುಚ್ಚುವುದಿಲ್ಲ.

ಈ ನಂಬಿಕೆಯಲ್ಲಿ ಸ್ವಲ್ಪ ನಿಜವೂ ಇದೆ. ದೊಡ್ಡವರಾದ ಮೇಲೆ ಕಲಿತವರು ಬಹುಕಾಲ ಅಕ್ಷರ ಅಕ್ಷರ ಕೂಡಿಸಿಯೇ ಓದುತ್ತಾರೆ, ವೇಗ ಬರುವುದು ನಿಧಾನ. ಕನ್ನಡದಲ್ಲಿ 49 ಅಕ್ಷರ ಕಲಿತರೆ ಮುಗಿಯಲಿಲ್ಲ. ಕಾಗುಣಿತ, ಒತ್ತಕ್ಷರ ಸೇರಿ ಗುರುತಿಸಬೇಕಾದ ರೂಪಗಳು ನೂರಾರು. ದಿನಾ ಶಾಲೆಗೆ ಹೋಗುವ ಮಕ್ಕಳಿಗೇ ಇವೆಲ್ಲ ಕೈವಶವಾಗಲು ಮೂರು ನಾಲ್ಕು ವರ್ಷ ಬೇಕು. ಹೊಲದ ಕೆಲಸ, ಮನೆಗೆಲಸ ಮುಗಿಸಿ ಮೂರು ತಿಂಗಳು ಕಲಿತು ಬಿಟ್ಟವರು "ನನಗೆ ತಲೆಯಿಲ್ಲ" ಅಂದುಕೊಂಡರೆ ಅದು ತಪ್ಪು ಲೆಕ್ಕ. ಅವರಿಗೆ ಸಾಲದೆ ಬಂದದ್ದು ಸಮಯ.

ನಂಬಿಕೆ 2: ಸಹಿ ಹಾಕಲು ಬಂದರೆ ಸಾಕು

ನನ್ನ ದೊಡ್ಡಮ್ಮ ಸಹಿ ಹಾಕುತ್ತಾರೆ. ಸಂಘದ ಸಾಲದ ಪತ್ರಕ್ಕೂ ಹಾಕಿದ್ದಾರೆ. ಆ ಸಹಿಯ ಮೇಲೆ ಏನು ಬರೆದಿದೆ, ಬಡ್ಡಿ ಎಷ್ಟು ಎನ್ನುವುದನ್ನು ಇನ್ನೊಬ್ಬರು ಹೇಳಬೇಕು. ಜನಗಣತಿಯ ಲೆಕ್ಕದಲ್ಲೂ ಸಹಿ ಸಾಲದು. ಏಳು ವರ್ಷ ಮೇಲ್ಪಟ್ಟವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯುವಂತಿದ್ದರೆ ಮಾತ್ರ ಸಾಕ್ಷರರು.

ನಂಬಿಕೆ 3: ಫೋನೇ ಮಾತಾಡುತ್ತದೆ, ಅಕ್ಷರ ಯಾಕೆ?

ವಾಯ್ಸ್ ಮೆಸೇಜು, ವಿಡಿಯೊ ಬಂದಿದ್ದು ಒಳ್ಳೆಯದೇ. ಆದರೆ ಕೇಳಿದ್ದನ್ನು ಇನ್ನೊಂದು ಕಡೆ ಪರಿಶೀಲಿಸಲು ಓದು ಬೇಕು. ಓಟಿಪಿ ಬಂದಾಗ "ಇದನ್ನು ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆಯೂ ಅದರ ಜೊತೆಗೇ ಬರುತ್ತದೆ. ಓದಲು ಬಾರದವರು ಫೋನು ಕೈಗೆ ಕೊಟ್ಟು "ಏನು ಬಂದಿದೆ ನೋಡಪ್ಪ" ಎಂದು ಇನ್ನೊಬ್ಬರನ್ನು ನಂಬಲೇಬೇಕು. ಆ ಇನ್ನೊಬ್ಬರು ಮೋಸಗಾರರಾದರೆ ದುಡ್ಡು ಹೋಯಿತು.

ಹಾಗಾದರೆ ಎಲ್ಲಿ ಕಲಿಯುವುದು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1984ರಿಂದ ಸಾರ್ವಜನಿಕ ಗ್ರಂಥಾಲಯಗಳಲ್ಲೇ ದೊಡ್ಡವರಿಗೆ ಓದು ಕಲಿಸುವ ಯೋಜನೆ ನಡೆಯುತ್ತಿದೆ. ತರಬೇತಿ ಪಡೆದ ಸ್ವಯಂಸೇವಕರು ಹೆಚ್ಚಾಗಿ ಒಬ್ಬರಿಗೆ ಒಬ್ಬರಂತೆ ಕೂತು ಉಚಿತವಾಗಿ ಕಲಿಸುತ್ತಾರೆ. ಏನು ಕಲಿಯಬೇಕು ಎಂದು ಹೇಳುವುದು ಕಲಿಯುವವರೇ: ಒಬ್ಬರಿಗೆ ಡ್ರೈವಿಂಗ್ ಪರೀಕ್ಷೆ, ಇನ್ನೊಬ್ಬರಿಗೆ ಮಗುವಿಗೆ ಕಥೆ ಓದುವ ಆಸೆ. ಪುಟ್ಟ ಮಕ್ಕಳಿರುವ ಕುಟುಂಬಗಳಿಗಾಗಿಯೇ ಒಂದು ವಿಭಾಗವೂ ಇದೆ.

ಗ್ರಂಥಾಲಯದಿಂದ ಎರಡು ಅನುಕೂಲಗಳಿವೆ. ಅಲ್ಲಿಗೆ ಯಾರು ಬೇಕಾದರೂ ಹೋಗುತ್ತಾರೆ, ಆದ್ದರಿಂದ "ಅನಕ್ಷರಸ್ಥ" ಎಂಬ ಹಣೆಪಟ್ಟಿ ಬೀಳುವುದಿಲ್ಲ. ಪಾಠ ಮುಗಿದ ಮೇಲೂ ಓದಲು ಪುಸ್ತಕ, ಪೇಪರು ಅಲ್ಲೇ ಇರುತ್ತವೆ. ಅಭ್ಯಾಸ ತಪ್ಪಿದರೆ ಕಲಿತ ಅಕ್ಷರ ಮರೆತುಹೋಗುವುದರಿಂದ ಈ ಎರಡನೆಯದು ಬಹಳ ಮುಖ್ಯ.

ನಮ್ಮಲ್ಲೂ ಇದಕ್ಕೆ ಜಾಗ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 5,000ಕ್ಕೂ ಹೆಚ್ಚು. ಈಗ ಅವುಗಳ ಹೆಸರು ಅರಿವು ಕೇಂದ್ರ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಮಕ್ಕಳಿಗಾಗಿ 'ಓದುವ ಬೆಳಕು' ಶುರುವಾದದ್ದು ಇಲ್ಲೇ. ಇನ್ನೊಂದು ಕಡೆ, ಶಾಲೆ ತಪ್ಪಿಸಿಕೊಂಡ 15 ವರ್ಷ ಮೇಲ್ಪಟ್ಟವರಿಗೆ ಸ್ವಯಂಸೇವಕರಿಂದಲೇ ಕಲಿಸುವ 'ಉಲ್ಲಾಸ್' ಎಂಬ ಕೇಂದ್ರ ಯೋಜನೆ ಇದೆ. ಮಕ್ಕಳು ಕೂರುವ ಮೇಜಿನ ಪಕ್ಕದಲ್ಲೇ ಅವರ ಅಮ್ಮಂದಿರಿಗೂ ಒಂದು ಕುರ್ಚಿ ಹಾಕಿದರೆ ಎರಡೂ ಕೂಡಿಬರುತ್ತವೆ.

ಅಮ್ಮ ಕಲಿತರೆ ಮಗುವಿನ ಅಂಕ ತಕ್ಷಣ ಏರುತ್ತದೆಯೇ? ಅಷ್ಟು ಸುಲಭವಲ್ಲ. ಬಿಹಾರ ಮತ್ತು ರಾಜಸ್ಥಾನದ 480 ಹಳ್ಳಿಗಳಲ್ಲಿ ತಾಯಂದಿರಿಗೆ ಕಲಿಸಿ, ಮಕ್ಕಳ ಓದಿನಲ್ಲಿ ಅವರನ್ನು ತೊಡಗಿಸಿ ನೋಡಿದ ಅಧ್ಯಯನದಲ್ಲಿ ತಾಯಂದಿರ ಕಲಿಕೆ ಹೆಚ್ಚಿತು. ಮಕ್ಕಳಲ್ಲಿ ಕಂಡ ಪ್ರಯೋಜನ ಸಣ್ಣದು. ಹಾಗಾಗಿ ಅಮ್ಮ ಕಲಿಯಬೇಕಾದದ್ದು ಮೊದಲು ತನಗಾಗಿಯೇ.

ನೀವೇನು ಮಾಡಬಹುದು?

ವಾರಕ್ಕೆ ಎರಡು ಮೂರು ದಿನ, ಅರ್ಧ ಗಂಟೆ ಸಾಕು. ಅ ಆ ಇ ಈ ಇಂದಲೇ ಶುರು ಮಾಡಬೇಕೆಂದಿಲ್ಲ. ಅವರ ಹೆಸರು, ಊರು, ಬಸ್ಸಿನ ಬೋರ್ಡು, ಫೋನಿನಲ್ಲಿ ಸೇವ್ ಆಗಿರುವ ಮಗಳ ಹೆಸರಿನಿಂದ ಶುರು ಮಾಡಿ. ತಪ್ಪಾದರೆ ನಗಬೇಡಿ. ಬೇರೆಯವರ ಮುಂದೆ ಪರೀಕ್ಷೆ ಮಾಡಬೇಡಿ. ಸ್ವಲ್ಪ ರೂಢಿಯಾದ ಮೇಲೆ ಹತ್ತಿರದ ಗ್ರಂಥಾಲಯಕ್ಕೆ ಜೊತೆಯಲ್ಲೇ ಕರೆದುಕೊಂಡು ಹೋಗಿ.

ಈ ಲೇಖನ ಯಾರಿಗೆ ಹೆಚ್ಚು ಬೇಕೋ ಅವರಿಗೆ ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ, ಅವರು ಓದಲಾರರು. ಪಕ್ಕದಲ್ಲಿ ಕೂತು ಓದಿ ಹೇಳಿ. ಆಮೇಲೆ ಶೀರ್ಷಿಕೆಯ ಮೊದಲ ಪದದಿಂದಲೇ ಪಾಠ ಶುರು ಮಾಡಬಹುದು.