ಅಫ್ರೇಡ್ ಅಂದರೆ ಬರೀ ಹೆದರಿಕೆ ಅಲ್ಲ

ಎಂಟನೇ ತರಗತಿಯಲ್ಲಿ ಮೊನ್ನೆ ಒಂದು ವಾಕ್ಯ ಓದಿ, ಕನ್ನಡದಲ್ಲಿ ಹೇಳಿ ಅಂದೆ. 'ಐ ಆ್ಯಮ್ ಅಫ್ರೇಡ್ ದ ಹೆಡ್‌ಮಾಸ್ಟರ್ ಈಸ್ ನಾಟ್ ಇನ್.' ಒಬ್ಬ ಹುಡುಗ ಥಟ್ಟನೆ ಎದ್ದು, "ಹೆಡ್‌ಮಾಸ್ಟರ್ ಇಲ್ಲ, ನನಗ ಹೆದ್ರಿಕಿ ಆಗ್ತೈತಿ ಸಾರ್" ಅಂದ. ಇಡೀ ಕ್ಲಾಸು ನಕ್ಕಿತು. ಹೆಡ್‌ಮಾಸ್ಟರ್ ಇದ್ದರೆ ತಾನೇ ಹೆದರಿಕೆ!

ತಪ್ಪು ಅವನದಲ್ಲ. 'ಅಫ್ರೇಡ್ ಅಂದರೆ ಹೆದರಿದ' ಎಂದು ಬೋರ್ಡಿನ ಮೇಲೆ ಬರೆದು, ಇಳಿಸಿಕೊಳ್ಳಿ ಅಂದವನು ನಾನೇ. ಈ ವಾಕ್ಯದಲ್ಲಿ ಹೆದರಿಕೆಯ ಮಾತೇ ಇಲ್ಲ. ಎದುರಿನವರಿಗೆ ಹಿಡಿಸದ ಸುದ್ದಿಯನ್ನು ಮೆತ್ತಗೆ ಹೇಳುವ ರೀತಿ ಅದು. ನಾವು "ಬ್ಯಾಸರ ಮಾಡ್ಕೋಬ್ಯಾಡ್ರಿ, ಸಾರ್ ಇಲ್ಲ" ಅನ್ನುತ್ತೇವಲ್ಲ, ಪಕ್ಕದ ಮನೆಯ ತೆಲುಗಿನವರು "ಏಮನುಕೋಕಂಡಿ" ಅನ್ನುತ್ತಾರಲ್ಲ, ಹಾಗೆ. ಇಷ್ಟು ಹೇಳಿದ ಮೇಲೆ ಮತ್ತೆ ವಿವರಿಸಬೇಕಾಗಲಿಲ್ಲ.

ಇನ್ನೊಂದು ತೊಡಕಿದೆ. ಕನ್ನಡದಲ್ಲಿ 'ಹುಡುಗ ಹೆದರಿದ್ದಾನೆ' ಸರಿ, 'ಹೆದರಿದ ಹುಡುಗ' ಕೂಡ ಸರಿ. ಇಂಗ್ಲಿಷಿನಲ್ಲಿ 'ದ ಬಾಯ್ ಈಸ್ ಅಫ್ರೇಡ್' ನಡೆಯುತ್ತದೆ, 'ಆ್ಯನ್ ಅಫ್ರೇಡ್ ಬಾಯ್' ನಡೆಯುವುದಿಲ್ಲ. ಅಲ್ಲಿ 'ಫ್ರೈಟನ್ಡ್' ಬೇಕು. ಅಸ್ಲೀಪ್, ಅಲೈವ್ ಕೂಡ ಇದೇ ಜಾತಿಯವು. 'ನಾಯಿಗೆ ಹೆದರುತ್ತೇನೆ' ಅನ್ನುವ ನಮ್ಮ 'ಗೆ' ನೋಡಿ ಮಕ್ಕಳು 'ಅಫ್ರೇಡ್ ಟು ಡಾಗ್ಸ್' ಅಂತ ಬರೆಯುತ್ತಾರೆ. ನಾಯಿಗಾದರೆ 'ಆಫ್' ಬರಬೇಕು. 'ಟು' ಹಾಕಿದರೆ ಮುಂದೆ ಕ್ರಿಯಾಪದ ಬರಬೇಕು: 'ಅಫ್ರೇಡ್ ಟು ಸ್ಪೀಕ್', ಮಾತಾಡಲು ಅಂಜಿಕೆ. ನಮ್ಮ ಮಕ್ಕಳಿಗೆ ಇರುವುದು ಇದೇ ನೋಡಿ.

ಇಂಥ ತಪ್ಪು ಕಂಡ ಕೂಡಲೇ, ಕನ್ನಡ ಮೀಡಿಯಂ ಆದ್ದರಿಂದ ಹೀಗೆ, ಕನ್ನಡ ಬಿಡಿಸಿ ಇಂಗ್ಲಿಷಿನಲ್ಲೇ ಕಲಿಸಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದ ಮೇಲೂ ಈ ಭಾಗದ ಮನೆಗಳಲ್ಲಿ ಕನ್ನಡ ಉಳಿಯಿತು. ನಂದವರಂ ಕಡೆಯ ಕನ್ನಡದ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿ ಬೆಳೆದವರು. ಒಂದೇ ಮಾತನ್ನು ಎರಡು ಭಾಷೆಯಲ್ಲಿ ಎರಡು ಥರ ಹೇಳಬೇಕೆಂಬುದು ಅವರಿಗೆ ಯಾರೂ ಕಲಿಸದೆ ಗೊತ್ತು. ಆ ಹುಡುಗನಿಗೆ ಅಡ್ಡ ಬಂದದ್ದು ಕನ್ನಡವಲ್ಲ, ನಾನು ಕೊಟ್ಟ ಒಂದೇ ಪದದ ಅರ್ಥ. ಅವನಿಗೆ ಕೊನೆಗೆ ತಿಳಿದದ್ದೂ ಕನ್ನಡದ ಮಾತಿನಿಂದಲೇ.

ಈಗ ನೋಟ್‌ಬುಕ್ಕಿನ ಪದ, ಅರ್ಥ ಅನ್ನುವ ಎರಡು ಸಾಲು ನಿಲ್ಲಿಸಿದ್ದೇನೆ. ಪ್ರತಿ ಪದಕ್ಕೂ ಎರಡು ವಾಕ್ಯ, ಅದೇ ಸಂದರ್ಭದಲ್ಲಿ ಮನೆಯಲ್ಲಿ ಏನು ಅನ್ನುತ್ತಾರೋ ಆ ಮಾತು ಒಂದು. ಪಾಠ ನಿಧಾನ ಆಗುತ್ತದೆ, ಪೋರ್ಷನ್ ಹಿಂದೆ ಬೀಳುತ್ತದೆ, ನಿಜ. ಪದ ಕಡಿಮೆಯಾದರೂ ಚಿಂತೆಯಿಲ್ಲ ಅಂತ ಹೀಗೇ ಮುಂದುವರಿಸಿದ್ದೇನೆ.