ಪಲ್ಟಿ ಹೊಡೆದವರು ಯಾರು?

ನಮ್ಮ ಕನಮಡಿ ಸೀಮೆಯಲ್ಲಿ ಟ್ರ್ಯಾಕ್ಟರು ಮಗುಚಿದರೆ ‘ಪಲ್ಟಿ ಆತು’ ಅಂತಾರೆ. ಮನುಷ್ಯ ಮಾತು ಬದಲಿಸಿದರೆ ‘ಪಲ್ಟಿ ಹೊಡದ’ ಅಂತಾರೆ. ಮಹಾರಾಷ್ಟ್ರದ ಗಡಿ ಹತ್ತಿರ. ಮರಾಠಿ, ಹಿಂದಿಯಲ್ಲೂ ಓಡಾಡುವ ಈ ಮಾತು ನಮ್ಮ ನಾಲಿಗೆಗೂ ಒಗ್ಗಿಬಿಟ್ಟಿದೆ. ಆಗುವುದು ಅಪಘಾತ, ಹೊಡೆಯುವುದು ಬೇಕೆಂದೇ ಮಾಡಿದ್ದು. ಅಂದರೆ ಮಾತಿನೊಳಗೇ ಒಂದು ಆರೋಪ ಕೂತಿದೆ. ಆ ಆರೋಪ ಯಾರಿಗೆ ಅಂಟುತ್ತದೆ, ಯಾರಿಂದ ಜಾರಿಹೋಗುತ್ತದೆ ಎಂಬುದೇ ನನ್ನ ತಕರಾರು.

ರಾಜಕಾರಣಿಗಳನ್ನೇ ನೋಡಿ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು; ‘ಆಯಾ ರಾಮ್ ಗಯಾ ರಾಮ್’ ಎಂಬ ಮಾತು ಹುಟ್ಟಿತು. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಆದರೂ 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಹೊಸ ಪಕ್ಷದಿಂದ ನಿಂತ 13 ಮಂದಿಯಲ್ಲಿ 11 ಮಂದಿ ಗೆದ್ದರು. 2020ರ ಫೆಬ್ರವರಿಯಲ್ಲಿ ಅವರಲ್ಲಿ 10 ಮಂದಿ ಮಂತ್ರಿಗಳೂ ಆದರು. ಇಷ್ಟಕ್ಕೆಲ್ಲ ಹೂವಿನ ಹೆಸರು ಬೇರೆ: ಆಪರೇಷನ್ ಕಮಲ! ‘ಪಲ್ಟಿ ಹೊಡದ್ರು’ ಎಂದು ನಕ್ಕವರೇ ಹಾರ ಹಾಕಲು ಸಾಲುಗಟ್ಟಿದರು.

ಇನ್ನು ಮನೆಯೊಳಗೆ ಬನ್ನಿ. ಮದುವೆ ಗೊತ್ತಾದ ಮೇಲೆ ಗಂಡಿನವರು ಎರಡು ತೊಲೆ ಬಂಗಾರ ಹೆಚ್ಚಿಗೆ ಕೇಳಿದರೆ ಅದು ‘ಮಾತುಕತೆ’. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಮಾತುಕತೆ ಇಂದಿಗೂ ನಿಂತಿಲ್ಲ. ಅದೇ, ಹುಡುಗನ ಕುಡಿತದ ಸುದ್ದಿ ತಿಳಿದು ಹುಡುಗಿ ‘ಒಲ್ಲೆ’ ಎಂದರೆ? ‘ಆಕಿ ಪಲ್ಟಿ ಹೊಡದ್ಲಬೇ, ಮನಿತನದ ಮರ್ಯಾದಿ ಕಳದ್ಲು!’ ಓಣಿಯಲ್ಲಿ ಯಾರೂ ನಗುವುದಿಲ್ಲ. ಆ ಮಾತು ಅವಳ ಬೆನ್ನು ಬಿಡುವುದಿಲ್ಲ, ಅವಳ ತಂಗಿಯ ಸಂಬಂಧಕ್ಕೂ ಅಡ್ಡ ಬರುತ್ತದೆ.

ಕಾನೂನು ಓಣಿಗಿಂತ ದೊಡ್ಡ ಮನಸ್ಸಿನದು. ಎಳೆಯ ವಯಸ್ಸಿನಲ್ಲಿ ಮದುವೆಯಾದವರು ಪ್ರಾಪ್ತ ವಯಸ್ಸಿಗೆ ಬಂದ ಎರಡು ವರ್ಷದೊಳಗೆ ಅದನ್ನು ರದ್ದು ಮಾಡಿಸಲು ಕೇಳಬಹುದೆಂದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೇಳಿತು. ತಿಳಿವಳಿಕೆ ಬಂದ ಮೇಲೆ ಮನಸ್ಸು ಬದಲಾಗುವುದನ್ನು ಅದು ಹಕ್ಕು ಎಂದಿತೇ ಹೊರತು ಪಲ್ಟಿ ಎನ್ನಲಿಲ್ಲ.

ಅಕ್ಕಂದಿರೇ, ಹೊರಳುವುದೆಲ್ಲ ಒಂದೇ ಅಲ್ಲ. ಹೊರಳಿದ್ದರಿಂದ ಕುರ್ಚಿಯೋ ಬಂಗಾರವೋ ಸಿಕ್ಕಿದ್ದರೆ ಧಾರಾಳವಾಗಿ ಪಲ್ಟಿ ಅನ್ನಿ. ಕೈಯಲ್ಲಿದ್ದದ್ದನ್ನೂ ಕಳೆದುಕೊಂಡು, ಬೈಗುಳ ತಿಂದು ಒಬ್ಬಳು ಹೊರಳಿದ್ದರೆ, ಆ ಶಬ್ದ ಬಾಯಿಗೆ ಬರುವ ಮೊದಲು ‘ಯಾಕವ್ವಾ, ಏನಾತು?’ ಎಂದು ಕೇಳಿ. ಅವಳ ಉತ್ತರ ಕೇಳಿದ ಮೇಲೂ ಅದೇ ಶಬ್ದ ಬೇಕೆನ್ನಿಸಿದರೆ ಆಗ ನೋಡೋಣ.