ಮಾತು ಮೊದಲೋ, ಮಟ್ಟು ಮೊದಲೋ?

ಹಾಡು ಕಟ್ಟುವ ಹವ್ಯಾಸವುಳ್ಳ ತರುಣನೊಬ್ಬನು ಈಚೆಗೆ ನನ್ನಲ್ಲಿಗೆ ಬಂದಿದ್ದನು. ಅವನ ಕ್ರಮ ಹೀಗೆ: ಮೊದಲು ಗಣಕಯಂತ್ರದಲ್ಲಿ ತಾಳದ ಪೆಟ್ಟುಗಳನ್ನು ಜೋಡಿಸುವುದು; ಅವನು ಅದನ್ನು ‘ಬೀಟ್’ ಎನ್ನುತ್ತಾನೆ. ಅದರ ಮೇಲೆ ಸ್ವರ ಹರಿಯಬೇಕು. ಕಟ್ಟಕಡೆಗೆ ಮಾತು, ಉಳಿದ ಎಡೆಯಲ್ಲಿ ಮೈ ಮುದುಡಿಕೊಂಡು ಕುಳಿತುಕೊಳ್ಳಬೇಕು. “ಮಾತು ಮೊದಲು ಬರೆದರೆ ಹಾಡು ಕುಣಿಯುವುದಿಲ್ಲ, ಸಾರ್” ಎಂದನು. ಅವನನ್ನು ಒಪ್ಪಲೂ ಆಗದೆ, ಅಲ್ಲಗಳೆಯಲೂ ಆಗದೆ ನಾನು ಸುಮ್ಮನಾದೆನು. ಆ ಮೌನಕ್ಕೆ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಮಟ್ಟು ಮೊದಲಾಗುವುದು ಯಂತ್ರಯುಗದ ಅಪಚಾರವೆಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ಹದಿಮೂರನೆಯ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಶಾರ್ಙ್ಗದೇವನು ಮಾತು ಮತ್ತು ಧಾತು, ಎಂದರೆ ಸಾಹಿತ್ಯ ಮತ್ತು ಸಂಗೀತ, ಎರಡನ್ನೂ ತಾನೇ ರಚಿಸುವವನನ್ನು ವಾಗ್ಗೇಯಕಾರನೆಂದು ಕರೆದನು. ಅನ್ಯರ ಧಾತುವಿಗೆ ಮಾತು ಕೂಡಿಸುವವನಿಗೂ ಅವನಲ್ಲಿ ಒಂದು ಹೆಸರುಂಟು: ಕುಟ್ಟಿಕಾರ. ಇಂದಿನ ಚಿತ್ರಗೀತೆಯ ಕವಿ ಮಾಡುವ ಕೆಲಸಕ್ಕೆ ಇದಕ್ಕಿಂತ ನಿಖರವಾದ ಪದ ಸಿಕ್ಕುವುದು ಕಷ್ಟ. ಎಂಟುನೂರು ವರ್ಷಗಳಷ್ಟು ಹಿಂದೆಯೇ ಹೆಸರು ಬೇಕಾಗುವಷ್ಟು ಆ ಕಸುಬು ಬಳಕೆಯಲ್ಲಿತ್ತೆಂದಾಯಿತು.

ಮುತ್ತುಸ್ವಾಮಿ ದೀಕ್ಷಿತರಂಥ ಮಹಾನುಭಾವರೇ ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿದರು. ‘ನೊಟ್ಟುಸ್ವರ’ಗಳೆಂದು ಅವು ಪ್ರಸಿದ್ಧವಾಗಿವೆ. ನಮ್ಮ ಯಕ್ಷಗಾನ ಪ್ರಸಂಗಗಳಲ್ಲಿ ಪದ್ಯದ ತಲೆಯ ಮೇಲೆಯೇ ರಾಗ, ತಾಳಗಳ ಹೆಸರನ್ನು ಬರೆದಿರುತ್ತಾರೆ. ಕಂಪೆನಿ ನಾಟಕಗಳ ಕವಿಗಳೂ ಜನಪ್ರಿಯವಾದ ಮಟ್ಟುಗಳನ್ನು ಹಿಡಿದೇ ಪದ ಕಟ್ಟಿದರು. 2006ರ ‘ಮುಂಗಾರು ಮಳೆ’ಯಿಂದ ಮೊದಲ್ಗೊಂಡು ಜಯಂತ ಕಾಯ್ಕಿಣಿಯವರು ಸಿದ್ಧ ಮಟ್ಟುಗಳಿಗೆ ಬರೆದ ಹಾಡುಗಳನ್ನು ಕೇಳಿದವರು, ಕವಿಯಾದವನಿಗೆ ಆ ಕಟ್ಟು ಬರಿಯ ಸಂಕೋಲೆಯೆಂದು ಹೇಳಲಾರರು. ಷಟ್ಪದಿಯ ಕಟ್ಟಿನೊಳಗೆ ಕುಮಾರವ್ಯಾಸನು ಉಸಿರುಗಟ್ಟಿದನೇ?

ಇಲ್ಲಿಯೇ ವಿಷಯದ ತಿರುಳಿರುವುದು. ಕನ್ನಡ ಪದ್ಯವು ತಾಳವಿಲ್ಲದೆ ಹುಟ್ಟಿ ಆಮೇಲೆ ಯಾರೋ ತಾಳ ತೊಡಿಸಲೆಂದು ಕಾದು ಕುಳಿತಿರುವುದಲ್ಲ. ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡಿಗೆಯಲ್ಲಿ ಮಿಶ್ರಗತಿಯಿದೆ. ವಾರ್ಧಕದ ಐದು ಮಾತ್ರೆಗಳ ಗಣಗಳಲ್ಲಿ ಖಂಡಗತಿಯಿದೆ. ಗಮಕಿಗಳು ತಾಳದ ಕಟ್ಟಿಲ್ಲದೆ ಹಾಡಿದರೂ ಕೇಳುವವನ ಬೆರಳು ತಾನಾಗಿ ಆಡುವುದು ಈ ಒಳಲಯದಿಂದ. ಲಘು-ಗುರುಗಳ ವ್ಯತ್ಯಾಸವೇ ನಮ್ಮ ನುಡಿಯ ನಾಡಿ. ಹ್ರಸ್ವವನ್ನು ಎಳೆದರೆ ‘ಮರ’ವು ‘ಮಾರ’ನಾಗಿ ಮನ್ಮಥನ ವೇಷ ತೊಡುತ್ತದೆ, ಪೆಟ್ಟು ಬೀಳಬಾರದ ಕಡೆ ಬಿದ್ದರೆ ‘ಕತೆ’ಯು ‘ಕತ್ತೆ’ಯಾಗುತ್ತದೆ. ಆದುದರಿಂದ ಬೀಟ್ ಮೊದಲು ಬಂದುದು ದೋಷವಲ್ಲ. ಕನ್ನಡದ ಕಿವಿಯಿಲ್ಲದ ಬೀಟ್ ಬಂದು, ಅದಕ್ಕೆ ನುಡಿಯು ತಲೆಬಾಗಬೇಕಾಗಿ ಬಂದುದು ದೋಷ. ಪ್ರೇಮಲೋಕದ (1987) ಹಂಸಲೇಖರು ಮಾತು, ಮಟ್ಟು ಎರಡನ್ನೂ ತಾವೇ ಕಟ್ಟಿದವರು. ಅಂಥ ಕಡೆ ಯಾವುದು ಮೊದಲಾದರೇನು? ಎರಡೂ ಒಂದೇ ಕಿವಿಯ ಪರೀಕ್ಷೆಯನ್ನು ದಾಟಿಯೇ ಹೊರಗೆ ಬರುತ್ತವೆ. ಕೆಲಸವು ಇಬ್ಬರ ನಡುವೆ ಹಂಚಿಹೋದಾಗ ಯಾರು ಯಾರಿಗೆ ಎಡೆಗೊಡಬೇಕೆಂಬ ತೊಡಕು ತಲೆದೋರುತ್ತದೆ.

ಮಾತು ಮೊದಲಾದರೆ ಎಲ್ಲವೂ ಸುಗಮವೇ? ನಮ್ಮ ನಾಡಗೀತೆಯ ವೃತ್ತಾಂತವನ್ನು ನೋಡಬಹುದು. ಕುವೆಂಪು ಅವರ ಕವನವು 2004ರಲ್ಲಿ ನಾಡಗೀತೆಯೆಂದು ಘೋಷಿತವಾಯಿತು. ಆದರೆ ಅದನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ವಾದ ಮುಗಿಯಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಗೂ ಸಿ. ಅಶ್ವತ್ಥರ ಧಾಟಿಗೂ ಬೇರೆ ಬೇರೆ ಅಭಿಮಾನಿಗಳಿದ್ದರು. 2022ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ ಎರಡೂವರೆ ನಿಮಿಷಗಳಲ್ಲಿ ಹಾಡಿ ಮುಗಿಸಬೇಕೆಂದು ಗೊತ್ತುಮಾಡಿತು. ವಾದ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. 2024ರಲ್ಲಿ ನ್ಯಾಯಾಲಯವು ಅರ್ಜಿಯನ್ನು ವಜಾಗೊಳಿಸಿತು. ಒಂದು ಕವನ, ಹಲವು ಧಾಟಿ: ಅಕ್ಷರದಲ್ಲಿ ಕವನ ಸ್ಥಿರವಾಗಿರುತ್ತದೆ, ಕಿವಿಗೆ ಬೀಳುವುದು ಮಾತ್ರ ಪ್ರತಿಸಲವೂ ಬೇರೆ. ಮಾತು ಮೊದಲು ಹುಟ್ಟಿದ ಮಾತ್ರಕ್ಕೆ ಮಟ್ಟಿನ ಪ್ರಶ್ನೆ ಬಗೆಹರಿಯುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಈ ವೃತ್ತಾಂತದಲ್ಲಿ ನನ್ನ ಗಮನವನ್ನು ಸೆಳೆದುದು ಇನ್ನೊಂದು ಅಂಶ. ಕೊನೆಯಲ್ಲಿ ತೀರ್ಪು ಕೊಟ್ಟುದರಲ್ಲಿ ಮಾತಿನಷ್ಟೇ, ಮಟ್ಟಿನಷ್ಟೇ ಪಾಲು ಗಡಿಯಾರಕ್ಕೂ ಇತ್ತು. ಸಭೆಯಲ್ಲಿ ಮಕ್ಕಳೂ ವೃದ್ಧರೂ ಎದ್ದು ನಿಂತಿರುವಾಗ ಕಾಲಮಿತಿ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗಡಿಯಾರದ ಈ ಅಧಿಕಾರ ಅಲ್ಲಿಗೇ ನಿಂತಿಲ್ಲ. ಹಿಂದೆ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಗಳಷ್ಟೇ ಹಿಡಿಯುತ್ತಿದ್ದುದರಿಂದ ಗಂಟೆಗಟ್ಟಲೆ ಹಾಡುತ್ತಿದ್ದ ವಿದ್ವಾಂಸರು ರಾಗವನ್ನು ಅಷ್ಟರೊಳಗೆ ಹಿಂಡಿ ಇಡಬೇಕಾಯಿತು. ಇಂದು ಮೊಬೈಲಿನ ತುಣುಕು ಅರ್ಧ ನಿಮಿಷವನ್ನು ಕೇಳುತ್ತದೆ. ನನ್ನ ತರುಣ ಮಿತ್ರನನ್ನು ಕೆದಕಿ ಕೇಳಿದಾಗ ಹೊರಬಿದ್ದ ಸಂಗತಿಯೂ ಅದೇ. ಮೊದಲ ಕೆಲವು ಕ್ಷಣಗಳಲ್ಲಿ ಕಿವಿಯನ್ನು ಹಿಡಿಯದಿದ್ದರೆ ಕೇಳುಗನ ಬೆರಳು ಮುಂದಕ್ಕೆ ಸರಿಯುತ್ತದೆ. ಅಷ್ಟರಲ್ಲಿ ಪೆಟ್ಟು ಹಿಡಿಯಬಲ್ಲದು, ಅರ್ಥ ಹಿಡಿಯಲಾರದು. ಬೀಟನ್ನು ಅವನು ಮೊದಲಿಟ್ಟುದು ರುಚಿಯಿಂದಲ್ಲ, ಭಯದಿಂದ.

ಹೀಗಾಗಿ ಮಾತು ಮೊದಲೋ ಮಟ್ಟು ಮೊದಲೋ ಎಂಬ ಪ್ರಶ್ನೆಯನ್ನು ನಾನೀಗ ಬೇರೆ ರೀತಿಯಲ್ಲಿ ಕೇಳಿಕೊಳ್ಳುತ್ತೇನೆ: ಎರಡಕ್ಕೂ ಮೊದಲು ಅವಸರ ಬಂದು ಕುಳಿತಿದೆಯೇ? ಕುಳಿತಿದ್ದರೆ ಮಾತೂ ಬಡವಾಗುತ್ತದೆ, ಮಟ್ಟೂ ಬಡವಾಗುತ್ತದೆ. ಮಾತು ಅರ್ಥವನ್ನು ತೆರೆಯಲು ಹೊತ್ತು ಬೇಕು. ಸ್ವರ ತನ್ನ ಬಳುಕನ್ನು ತೋರಲು ಹೊತ್ತು ಬೇಕು.

ತರುಣನು ಮತ್ತೆ ಬಂದಾಗ ನಾನು ಅವನ ಕ್ರಮವನ್ನು ಬದಲಿಸಲು ಹೇಳಲಿಲ್ಲ. ಬೀಟನ್ನು ನಿಲ್ಲಿಸಿ, ಬರೆದ ಸಾಲುಗಳನ್ನು ಒಮ್ಮೆ ಬರಿಯ ಬಾಯಲ್ಲಿ ಓದೆಂದು ಕೇಳಿದೆನು. ಮೂರನೆಯ ಸಾಲಿನಲ್ಲಿ ಅವನೇ ತಡವರಿಸಿ ನಿಂತನು. ನಕ್ಕು, ಜೇಬಿನಿಂದ ಪೆನ್ಸಿಲನ್ನು ತೆಗೆದನು.